ಎಲೆ ತುದಿ ಸುಟ್ಟಿದೆಯಾ? ಮೊದಲು ನೀರು ನೋಡಿ, ಆಮೇಲೆ ಔಷಧಿ

ಈ ವಾರ ಹೊಲದ ಬೆಳೆ ಬಿಟ್ಟು ಕುಂಡದ ಗಿಡದ ಬಗ್ಗೆ ಬರೀತಿದ್ದೀನಿ. ನಗಬೇಡಿ, ಇದರಲ್ಲೂ ದುಡ್ಡಿದೆ. ಚಿಕ್ಕಬಳ್ಳಾಪುರದ ಹತ್ತಿರ ನಮ್ಮ ತೋಟದ ಮೂಲೆಯಲ್ಲಿ ನೆರಳು ಪರದೆ ಕಟ್ಟಿ, ಬೆಂಗಳೂರಿನ ಗಿರಾಕಿಗಳಿಗೆ ಸ್ಪೈಡರ್ ಪ್ಲಾಂಟ್ ಬೆಳೆಸ್ತೀನಿ. ಹಸಿರು ಎಲೆಗೆ ಬಿಳಿ ಪಟ್ಟೆ ಇರೋ ಗಿಡ ಅದು. ಗಿರಾಕಿ ದುಡ್ಡು ಕೊಡೋದು ಆ ಪಟ್ಟೆಗೇ. ಎಲೆ ತುದಿ ಕಂದು ಬಣ್ಣಕ್ಕೆ ತಿರುಗಿದರೆ ಗಿಡ ಬದುಕಿದ್ದರೂ ವ್ಯಾಪಾರಕ್ಕೆ ಸತ್ತ ಹಾಗೆ.

ಹೋದ ಬೇಸಿಗೆಯಲ್ಲಿ 40 ಕುಂಡಗಳಿಗೆ ಹಾಗೇ ಆಯಿತು. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಮೂರು ಉತ್ತರ ಬಂತು. ಒಬ್ಬರು ಶಿಲೀಂಧ್ರ ರೋಗ, ಮ್ಯಾಂಕೋಜೆಬ್ ಹೊಡಿ ಅಂದರು. ಇನ್ನೊಬ್ಬರು ಪೊಟ್ಯಾಷ್ ಕೊರತೆ ಅಂದರು. ಮತ್ತೊಬ್ಬರು ನೀರು ಸಾಲದು ಅಂದರು. ನಾನು ಮೂರನ್ನೂ ಮಾಡಿದೆ. ಗಿಡ ಇನ್ನೂ ಕೆಟ್ಟಿತು.

ಮಳೆಗಾಲ ಬಂದಾಗ ಕಾರಣ ಗೊತ್ತಾಯಿತು. ಮನೆ ಸೂರಿನ ಕೆಳಗೆ ಮರೆತಿದ್ದ ನಾಲ್ಕು ಕುಂಡಗಳಿಗೆ ಮಳೆನೀರು ಬೀಳ್ತಿತ್ತು. ಅವುಗಳ ಹೊಸ ಎಲೆ ತುದಿವರೆಗೂ ಚೊಕ್ಕವಾಗಿತ್ತು. ಪರದೆ ಕೆಳಗಿದ್ದವು ಬೋರ್‌ವೆಲ್ ನೀರು ಕುಡಿದು ಸುಟ್ಟಿದ್ದವು. ನಮ್ಮ ಕಡೆ ಆಳದ ನೀರಲ್ಲಿ ಲವಣ, ಫ್ಲೋರೈಡ್ ಇರೋದು ಹೊಸ ಸುದ್ದಿಯಲ್ಲ. ಈ ಗಿಡಕ್ಕೆ ಎರಡೂ ಆಗಲ್ಲ. ನೀರು ಎಲೆಯಿಂದ ಆವಿಯಾಗುತ್ತೆ, ಲವಣ ತುದಿಯಲ್ಲೇ ಉಳಿದು ಸುಡುತ್ತೆ. ನಾನು ಹಾಕಿದ ಗೊಬ್ಬರವೂ ಲವಣವೇ. ಉರಿಯೋ ಬೆಂಕಿಗೆ ತುಪ್ಪ ಸುರಿದಿದ್ದೆ!

ನನ್ನ ಅಭಿಪ್ರಾಯ ಇಷ್ಟೇ: ಕಂದು ಬಣ್ಣ ರೋಗದ ಹೆಸರಲ್ಲ. ಅದು ಎಲ್ಲಿ ಶುರುವಾಗಿದೆ ಅನ್ನೋದೇ ಮುಖ್ಯ.

1. ತುದಿ ಅಥವಾ ಅಂಚು ಮಾತ್ರ, ಎಲ್ಲ ಗಿಡಗಳಲ್ಲೂ ಒಂದೇ ರೀತಿ: ನೀರಿನ ಲವಣದ ಮೇಲೆ ಅನುಮಾನ ಪಡಿ. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅನುಮಾನ ಇನ್ನೂ ಗಟ್ಟಿ. ಕುಂಡದ ಎರಡರಷ್ಟು ಮಳೆನೀರನ್ನು ನಿಧಾನವಾಗಿ ಸುರಿದು ಕೆಳಗೆ ಬಸಿದುಹೋಗಲು ಬಿಡಿ. ಎರಡು ತಿಂಗಳು ಗೊಬ್ಬರ ಬೇಡ.

2. ಬಿಸಿಲಿನ ಕಡೆಯ ಬಿಳಿ ಭಾಗದಲ್ಲಿ ಒಣ ಮಚ್ಚೆ: ಬಿಸಿಲಿನ ಹೊಡೆತ. ಬಿಳಿ ಭಾಗದಲ್ಲಿ ಪತ್ರಹರಿತ್ತು ಇರಲ್ಲ, ಬೇಗ ಸುಡುತ್ತೆ. ನೆರಳು ಕೊಡಿ, ಆದರೆ ತೀರಾ ಕತ್ತಲಾದರೆ ಪಟ್ಟೆ ಮಂಕಾಗುತ್ತೆ.

3. ಕೆಳಗಿನ ಎಲೆ ಹಳದಿಯಾಗಿ ಆಮೇಲೆ ಕಂದು, ಮಣ್ಣು ಸದಾ ಒದ್ದೆ: ಕುಂಡ ಕಳಚಿ ಬೇರು ನೋಡಿ. ಒಳ್ಳೇ ಬೇರು ಬೆಳ್ಳಗೆ, ಗಟ್ಟಿ. ಕೊಳೆತದ್ದು ಮೆತ್ತಗೆ, ವಾಸನೆ. ಕೊಳೆತದ್ದನ್ನು ಕತ್ತರಿಸಿ ನೀರು ಬಸಿಯೋ ಹೊಸ ಮಣ್ಣಿಗೆ ಹಾಕಿ.

4. ಹಳದಿ ಉಂಗುರದ ದುಂಡು ಚುಕ್ಕೆ, ಎಲೆಯಿಂದ ಎಲೆಗೆ ಹರಡ್ತಿದೆ: ಈಗ ರೋಗ ಅನ್ನಬಹುದು. ಆ ಎಲೆ ಕಿತ್ತು, ಕುಂಡ ಬೇರೆ ಇಡಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ, ಆಮೇಲೆ ಔಷಧಿ.

ಒಂದು ಮಾತು ನೆನಪಿಡಿ, ಸುಟ್ಟ ಭಾಗ ಮತ್ತೆ ಹಸಿರಾಗಲ್ಲ. ಗಿಡ ಸುಧಾರಿಸಿದೆಯಾ ಅಂತ ಹೊಸ ಎಲೆಯಲ್ಲಿ ನೋಡಿ. ತುದಿ ಕತ್ತರಿಸುವಾಗ ಕಂದು ಅಂಚು ಒಂದು ಗೆರೆಯಷ್ಟು ಉಳಿಸಿ, ಹಸಿರಿಗೆ ಗಾಯ ಮಾಡಬೇಡಿ.

ಫೋಟೋ ಕಳಿಸೋದು ತಪ್ಪು ಅಂತಲ್ಲ, ನಾನೂ ಕಳಿಸ್ತೀನಿ. ಆದರೆ ಒಂದು ಎಲೆ ಮಾತ್ರ ಕಳಿಸಿದರೆ ಉತ್ತರ ಕೊಡೋರೂ ಊಹೆ ಮಾಡ್ತಾರೆ. ಎಲೆಯ ಹಿಂಬದಿ, ಮಣ್ಣು, ಬೇರು, ಇಡೀ ಸಾಲು ಎಲ್ಲದರ ಫೋಟೋ ಹಾಕಿ. ಯಾವ ನೀರು, ಎಷ್ಟು ಬಿಸಿಲು ಅಂತಾನೂ ಬರೀರಿ. ದ್ರಾಕ್ಷಿ ಎಲೆಯ ಅಂಚು ಸುಟ್ಟಾಗಲೂ ಇವೇ ಪ್ರಶ್ನೆ ಕೇಳಿಕೊಳ್ಳಿ. ನನ್ನ 40 ಕುಂಡಗಳಲ್ಲಿ ಆದ ತಪ್ಪು ನಿಮ್ಮ ಎಕರೆಯಲ್ಲಿ ಆಗೋದು ಬೇಡ. ಮುಂದಿನ ಸ್ಪ್ರೇಗೆ ದುಡ್ಡು ಕೊಡೋ ಮೊದಲು ನಿಮ್ಮ ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.