ಹೆಬ್ಬಟ್ಟಿಗೆ ಸೂಟಿ, ಆಟಕ್ಕಲ್ಲ

"ಮೊಬೈಲ್ ಆಟಾ ಕಂಪ್ಯೂಟರ್‌ನ್ಯಾಗ ಆಡ್ತೀರಂತಲ್ಲರೀ, ಚಟಾ ಅಷ್ಟು ಹೆಚ್ಚಾತೇನ್ರಿ?" ಅಂತ ಬಾಜೂ ಮನಿ ವೈನಿ ಮೊನ್ನೆ ಕಟ್ಟಿ ಮ್ಯಾಲೆ ಎಲ್ಲಾರ ಮುಂದ ಕೇಳಿದ್ರು. ಆವಾಗ ನಕ್ಕು ಸುಮ್ಮನಾದೆ. ಉತ್ತರಾ ಇಲ್ಲೆ ಬರೀತೇನಿ.

ನಾ ಆಡೂದು ಹೇ ಡೇ. ಫಿನ್‌ಲ್ಯಾಂಡಿನ ಸೂಪರ್‌ಸೆಲ್ ಕಂಪನಿ 2012ರಾಗ ತಂದ ಆಟಾ. ಒಂದು ಹೊಲಾ, ಕೋಳಿ, ಆಕಳಾ. ಗೋಧಿ ಬಿತ್ತಿದ್ರ 2 ಮಿನಿಟಿಗೆ ಪೀಕು ಕೈಗೆ ಬರ್ತದ! ನಮ್ಮಪ್ಪ ನೋಡಿದ್ರ ಏನಂತಿದ್ನೋ. ಕೊಯ್ಯೂದಂದ್ರ ಕುಡಗೋಲಿನ ಚಿತ್ರಾ ಒತ್ತಿ ಹಿಡದು ಹೊಲದ ತುಂಬ ಎಳೀಬೇಕು. ಫೋನಿನ್ಯಾಗ ಹಂಗ ಎಳದು ಎಳದು ನನ್ನ ಹೆಬ್ಬಟ್ಟಿನ ಬುಡಾ ಬಾತು, ಚಪಾತಿ ಲಟ್ಟಸಲಿಕ್ಕೂ ಬರದಂಗಾತು. ಡಾಕ್ಟರು ಹೆಬ್ಬಟ್ಟಿಗೆ ವಿಶ್ರಾಂತಿ ಕೊಡ್ರಿ ಅಂದ್ರು. ಮನ್ಯಾಗಿನವರು ಆಟಾನ ಬಿಡು ಅಂದ್ರು. ಅವರ ಕ್ರಿಕೆಟ್ ಮಾತ್ರ ಯಾರೂ ಬಿಡಲಿಲ್ಲ, ಇರಲಿ.

ಕಡೀಕೆ ಮಗಾ ಕಂಪ್ಯೂಟರಿಗೆ ಬ್ಲೂಸ್ಟ್ಯಾಕ್ಸ್ ಅನ್ನೋ ಎಮ್ಯುಲೇಟರ್ ಹಾಕಿಕೊಟ್ಟಾ. ಕಂಪ್ಯೂಟರಿನ ಹೊಟ್ಟ್ಯಾಗ ಒಂದು ಆಂಡ್ರಾಯ್ಡ್ ಫೋನ್ ಕೂತಂಗ ಅದು. ಹೆಬ್ಬಟ್ಟಿನ ಬದ್ಲಿ ಮೌಸ್. ಸೂಪರ್‌ಸೆಲ್ ಐಡಿ ಕೊಟ್ಟಕೂಡಲೆ ನನ್ನ ಹಳೇ ಹೊಲಾನ ಬಂತು. ಅಕ್ಷರಾ ಚಾಳೀಸು ಇಲ್ಲದನ ಕಾಣಸ್ತಾವ.

ನನಗ ಖರೇ ಲಾಭ ಆಗಿದ್ದು ಬ್ಯಾರೆ ಕಡೆ. ಫೋನು ಅಡಗಿಮನಿಗೂ ಬರ್ತದ, ಹಾಸಗಿಗೂ ಬರ್ತದ. ಟಿಣ್ ಅಂದ್ರ ಸಾಕು, ಒಲಿ ಮ್ಯಾಲೆ ಹಾಲು ಉಕ್ಕಿ ಹರದ್ರೂ ನನ್ನ ಕಣ್ಣು ಅದರಾಗ. ಎಷ್ಟು ಸಲ ಕಟ್ಟಿ ತಿಕ್ಕೇನೋ! ಕಂಪ್ಯೂಟರ್ ಹಾಲ್‌ನ್ಯಾಗ ಎಲ್ಲಾರ ಕಣ್ಣಮುಂದ ಅದ. ಮಧ್ಯಾಹ್ನ ಅರ್ಧಾ ತಾಸು ಕೂಡ್ತೇನಿ, ಏಳ್ತೇನಿ. ಹೆಚ್ಚು ಕೂತ್ರ ಮೌಸ್ ಹಿಡದ ಮಣಿಕಟ್ಟೂ ನೋಯ್ತದ ಮತ್ತ. ಹೇ ಡೇದಾಗ ಬೆಳೀ ಒಣಗಂಗಿಲ್ಲ, ನಾಳೆ ಕೊಯ್ದ್ರೂ ನಡೀತದ. ಫೋನಿನಿಂದ ಆಟಾ ತಗದ ಬಿಟ್ಟೇನಿ. ಎರಡೂ ಕಡೆ ಇಟಗೊಂಡಿದ್ರ ವೈನಿ ಅಂದಿದ್ದು ಖರೇನ ಆಗ್ತಿತ್ತು.

ಹಾಕಿಸ್ಕೊಳ್ಳೋರಿಗೆ ಒಂದೆರಡು ಮಾತು. ಇದಕ್ಕ 4 ಜಿಬಿ ರ‍್ಯಾಮ್ ಅರೆ ಬೇಕು, 8 ಇದ್ರ ಛೊಲೋ. ನಮ್ಮ ಹಳೇ ಡಬ್ಬಿ ಮೊದಲ ತೆವಳತಿತ್ತು. ವರ್ಚುವಲೈಸೇಶನ್ ಅನ್ನೋ ಸೆಟ್ಟಿಂಗ್ ಚಾಲೂ ಮಾಡಿದ ಮ್ಯಾಲೆ ಓಡ್ತು. ಕಂಪನಿಯ ಸ್ವಂತ ಜಾಗಾದಿಂದನ ಇಳಿಸ್ಕೊರಿ, ಎಲ್ಲೆಲ್ಲಿಂದೋ ಬ್ಯಾಡ. ಮತ್ತ ಗೂಗಲ್ ಖಾತೆ ಬ್ಯಾರೆ ಮಾಡ್ರಿ, ಯಜಮಾನ್ರ ಕಾರ್ಡ್ ಇದ್ದ ಖಾತೆ ಬ್ಯಾಡ, ಆಟದಾಗಿನ ವಜ್ರಾ ಖರೇ ರೊಕ್ಕಕ್ಕ ಮಾರ್ತಾರ. ಬ್ಯಾಂಕಿನ ಆ್ಯಪ್ ಅದರಾಗ ಹಾಕಲೇಬ್ಯಾಡ್ರಿ. ಕ್ಯಾಂಡಿ ಕ್ರಶ್ ಆಡೋರಿಗೆ ಇದ್ಯಾವುದೂ ಬ್ಯಾಡ, ಅದು ವಿಂಡೋಸ್‌ನ್ಯಾಗ ಸೀದಾ ಸಿಗತದ.

ವೈನಿ, ಮೂರರ ಮ್ಯಾಲೆ ನಮ್ಮ ಕುರ್ಚಿ ಖಾಲಿ ಇರ್ತದ, ಬರ್ರಿ. ನಿಮ್ಮ ಫೋನಿನ್ಯಾಗೂ ಒಂದು ಹೊಲಾ ಅದ ಅಂತ ನಿಮ್ಮ ಸೊಸಿ ಹೇಳ್ಯಾಳ.