ಎಮ್ಮೆಗೆ ಜ್ವರ, ಎತ್ತಿಗೆ ಬರೆ: ಎಂಜಿನ್ ನಿಂತರೆ ಪೈಲಟ್ಟೇ ಯಾಕೆ ಕಳ್ಳ?

ವಿಮಾನ ಬಿದ್ದ ಹೊಗೆ ಆರುವ ಮುಂಚೆಯೇ ಟಿ.ವಿ.ಯಲ್ಲಿ ತೀರ್ಪು ಬಂದಿರುತ್ತದೆ: ಪೈಲಟ್ ತಪ್ಪು. ಅಲ್ಲಿಂದ ವಾಟ್ಸಾಪ್‌ಗೆ, ವಾಟ್ಸಾಪ್‌ನಿಂದ ಅರಳಿಕಟ್ಟೆಗೆ. ಕೋಣ ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಈ ಚಾಳಿಯ ವಿರುದ್ಧವೇ ನಾವು ಇವತ್ತು ಬರೆಯುತ್ತಿರುವುದು.

ಜಿಲ್ಲೆಯಲ್ಲಿ ವರದಿ ಮಾಡುವ ನಮಗೆ ಈ ಚಾಳಿ ಹೊಸದಲ್ಲ. ಬಸ್ಸು ಹಳ್ಳಕ್ಕೆ ಬಿದ್ದರೆ ಎಫ್‌ಐಆರ್‌ನಲ್ಲಿ ‘ಚಾಲಕನ ಅತಿವೇಗ ಮತ್ತು ಅಜಾಗರೂಕತೆ’. ಟೈರು ಸವೆದಿತ್ತಾ, ಬ್ರೇಕ್ ಹಿಡಿಯುತ್ತಿತ್ತಾ, ಡ್ರೈವರ್ ನಿದ್ದೆ ಮಾಡಿ ಎಷ್ಟು ಹೊತ್ತಾಗಿತ್ತು, ತಡೆಗೋಡೆ ಇಲ್ಲದ ಆ ತಿರುವು ಕಟ್ಟಿದವರು ಯಾರು? ಇದನ್ನೆಲ್ಲ ಬರೆಯಲು ಜಾಗ ಇರುವುದಿಲ್ಲ. ಸತ್ತವನು ಎದ್ದು ಬಂದು ವಾದ ಮಾಡುವುದಿಲ್ಲವಲ್ಲ, ಸಲೀಸು.

ಅಹಮದಾಬಾದಿನಲ್ಲಿ ಆಗಿದ್ದೂ ಅದೇ. 2025ರ ಜೂನ್ 12ರಂದು ಏರ್ ಇಂಡಿಯಾದ ಬೋಯಿಂಗ್ 787 ನೆಲ ಬಿಟ್ಟ ಸುಮಾರು 32 ಸೆಕೆಂಡಿಗೆ ಬಿತ್ತು. ನೆಲದ ಮೇಲಿದ್ದ 19 ಜನ ಸೇರಿ 260 ಮಂದಿ ಸತ್ತರು. ಒಂದು ತಿಂಗಳ ನಂತರ ಬಂದ ಪ್ರಾಥಮಿಕ ವರದಿ ಹೇಳಿದ್ದು ಇಷ್ಟು: ಎರಡೂ ಎಂಜಿನ್ನಿನ ಇಂಧನ ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ ‘ಬಂದ್’ ಸ್ಥಿತಿಗೆ ಹೋದವು. ಯಾಕೆ ಬಂದ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದರು, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದರು. ಯಾರು ಕೇಳಿದ್ದು, ಯಾರು ಹೇಳಿದ್ದು ಎಂಬುದು ಆ ವರದಿಯಲ್ಲಿ ಇಲ್ಲ. ಆದರೂ ಹೆಸರು, ಫೋಟೊ ಸಮೇತ ಒಬ್ಬರನ್ನು ಕೊಲೆಗಾರರನ್ನಾಗಿ ಮಾಡಿದ ಕಾರ್ಯಕ್ರಮಗಳನ್ನು ನೀವೂ ನೋಡಿದ್ದೀರಿ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇತ್ತು. ಇಂಥ ಸ್ವಿಚ್ಚುಗಳ ಲಾಕ್ ಸರಿಯಿದೆಯೇ ನೋಡಿಕೊಳ್ಳಿ ಎಂದು ಅಮೆರಿಕದ ವಿಮಾನಯಾನ ಇಲಾಖೆ 2018ರಲ್ಲೇ ಸೂಚಿಸಿತ್ತು. ಸೂಚನೆ ಕಡ್ಡಾಯವಲ್ಲದ ಕಾರಣ ಏರ್ ಇಂಡಿಯಾ ಆ ತಪಾಸಣೆ ಮಾಡಿರಲಿಲ್ಲ. ಅಪಘಾತದ ಬಳಿಕ ತನ್ನ ಬೇರೆ ವಿಮಾನಗಳನ್ನು ಪರೀಕ್ಷಿಸಿ, ಲಾಕಿನಲ್ಲಿ ದೋಷ ಕಾಣಲಿಲ್ಲ ಎಂದಿತು. ಅಂದಮೇಲೆ ಲಾಕೇ ಕಾರಣ ಎಂದು ನಾವೂ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆದರೆ ‘ಕಡ್ಡಾಯ ಅಲ್ಲ, ಹಾಗಾಗಿ ನೋಡಲಿಲ್ಲ’ ಎಂಬ ಮಾತಿನ ಮೇಲೆ ಯಾವ ಆ್ಯಂಕರ್ ಗಂಟಲು ಹರಿದುಕೊಂಡರು?

ಎಂಜಿನ್ ಯಾಕೆ ನಿಲ್ಲುತ್ತದೆ ಎಂಬುದನ್ನೇ ನೋಡೋಣ. ಮುಂದಿನ ದೊಡ್ಡ ಫ್ಯಾನು ಗಾಳಿ ಎಳೆಯುತ್ತದೆ. ಒಳಗಿನ ಬ್ಲೇಡುಗಳು ಆ ಗಾಳಿಯನ್ನು ಒತ್ತಿ ಹಿಂಡುತ್ತವೆ. ಅದಕ್ಕೆ ಸೀಮೆಎಣ್ಣೆ ಜಾತಿಯ ಇಂಧನ ಸಿಂಪಡಿಸಿ ಉರಿಸಿದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ, ನುಗ್ಗುವಾಗ ಟರ್ಬೈನ್ ತಿರುಗಿಸುತ್ತದೆ, ಟರ್ಬೈನು ಮುಂದಿನ ಫ್ಯಾನನ್ನು ತಿರುಗಿಸುತ್ತದೆ. ಡೀಸೆಲ್ ಪಂಪ್‌ಸೆಟ್ ಓಡಿಸಿದವರಿಗೆ ಉಳಿದದ್ದು ಹೇಳಬೇಕಿಲ್ಲ. ಎಣ್ಣೆ ಬರಬೇಕು, ಗಾಳಿ ಬರಬೇಕು, ಒಳಗಿನ ಸಾಮಾನು ಗಟ್ಟಿ ಇರಬೇಕು. ಅಂದಹಾಗೆ ಒಂದು ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ. ಎರಡು ಎಂಜಿನ್ನಿನ ಪ್ರಯಾಣಿಕ ವಿಮಾನ ಒಂದರಲ್ಲೇ ಹಾರಿ ಇಳಿಯುವಂತಿರಬೇಕು ಎಂಬುದು ಪರವಾನಗಿಯ ಷರತ್ತು. ಎರಡೂ ನಿಂತರೂ, ಎತ್ತರ ಇದ್ದರೆ, ತೇಲಿಕೊಂಡು ಬರುತ್ತದೆ.

ಹಾಗೆ ತೇಲಿ ಬಂದದ್ದು ಕೆನಡಾದ ಒಂದು ವಿಮಾನ. 1983ರ ಜುಲೈ 23, ಏರ್ ಕೆನಡಾದ ಬೋಯಿಂಗ್ 767, ಒಳಗೆ 69 ಜನ. 41,000 ಅಡಿ ಎತ್ತರದಲ್ಲಿ ಇಂಧನ ಖಾಲಿ! ಇಂಧನದ ಮೀಟರ್ ಕೆಟ್ಟಿದ್ದರಿಂದ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆದಿದ್ದರು. ಆಗ ಕೆನಡಾ ಪೌಂಡಿನಿಂದ ಕಿಲೋಗೆ ಬದಲಾಗುತ್ತಿದ್ದ ಕಾಲ, ಕಿಲೋ ಲೆಕ್ಕದ ಆ ವಿಮಾನ ಕಂಪನಿಗೆ ಹೊಸದು. ಲೀಟರನ್ನು ಕಿಲೋ ಮಾಡಲು ಸುಮಾರು 0.8ರಿಂದ ಗುಣಿಸಬೇಕಿತ್ತು. ಪೌಂಡಿನ ಹಳೇ ಅಂಕಿ 1.77ರಿಂದ ಗುಣಿಸಿದರು. 22,300 ಕಿಲೋ ಬೇಕಿದ್ದಲ್ಲಿ ಅರ್ಧಕ್ಕಿಂತ ಕಡಿಮೆ ಎಣ್ಣೆ ಹೊತ್ತು ವಿಮಾನ ಹೊರಟಿತು. ಕ್ಯಾಪ್ಟನ್ ಅದನ್ನು ಗಿಮ್ಲಿ ಎಂಬಲ್ಲಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು, ಅದು ಆಗ ಕಾರ್ ರೇಸಿನ ಜಾಗ. ಒಬ್ಬರೂ ಸಾಯಲಿಲ್ಲ.

ಕಂಪನಿ ಏನು ಮಾಡಿತು? ಕ್ಯಾಪ್ಟನ್‌ಗೆ ಆರು ತಿಂಗಳು ಹಿಂಬಡ್ತಿ, ಸಹ ಪೈಲಟ್‌ಗೆ ಎರಡು ವಾರ ಅಮಾನತು. ಸರ್ಕಾರಿ ವಿಚಾರಣೆ ನಡೆದಾಗ ಬೇರೆಯೇ ಹೊರಬಿತ್ತು. ಹಳೇ ವಿಮಾನಗಳಲ್ಲಿ ಇಂಧನದ ಲೆಕ್ಕ ಫ್ಲೈಟ್ ಎಂಜಿನಿಯರ್ ನೋಡುತ್ತಿದ್ದರು. ಹೊಸ ವಿಮಾನದಲ್ಲಿ ಆ ಹುದ್ದೆಯೇ ಇಲ್ಲ. ಹಾಗಾದರೆ ಆ ಕೆಲಸ ಯಾರದು ಎಂದು ಕಂಪನಿ ಸರಿಯಾಗಿ ಗೊತ್ತುಮಾಡಿರಲಿಲ್ಲ, ಹೊಸ ಲೆಕ್ಕದಲ್ಲಿ ಸರಿಯಾದ ತರಬೇತಿಯನ್ನೂ ಕೊಟ್ಟಿರಲಿಲ್ಲ. ಆ ಇಬ್ಬರು ಸತ್ತಿದ್ದರೆ ಇದೆಲ್ಲ ಯಾರಿಗೆ ಬೇಕಿತ್ತು ಹೇಳಿ.

ಇನ್ನು ಒಳಗಿನ ಸಾಮಾನಿನ ಮಾತು. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಬಿದ್ದ ಡಿಸಿ-10 ವಿಮಾನದಲ್ಲಿ 296 ಜನರಿದ್ದರು, 112 ಮಂದಿ ಸತ್ತರು. ಬಾಲದ ಎಂಜಿನ್ನಿನ ಫ್ಯಾನು ಕೂತಿದ್ದ ಟೈಟಾನಿಯಂ ಚಕ್ರ ಸಿಡಿದು, ಅದರ ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಹಾಳುಮಾಡಿದವು. ಆ ಲೋಹ ಕರಗಿಸುವಾಗಲೇ ಒಳಗೊಂದು ಸಣ್ಣ ದೋಷ ಸೇರಿಕೊಂಡಿತ್ತು. ಚಕ್ರ ತಯಾರಾಗಿದ್ದು 1971ರಲ್ಲಿ. ಹದಿನೇಳು–ಹದಿನೆಂಟು ವರ್ಷ ಬಿರುಕು ಬೆಳೆಯಿತು, ಹಿಂದಿನ ವರ್ಷದ ತಪಾಸಣೆಯಲ್ಲೂ ಕಣ್ಣಿಗೆ ಬೀಳಲಿಲ್ಲ. ಬೀಜದಲ್ಲೇ ಹುಳ ಇದ್ದರೆ ಉತ್ತವನು ಏನು ಮಾಡಿಯಾನು? ಉಳಿದೆರಡು ಎಂಜಿನ್‌ಗಳ ವೇಗ ಹೆಚ್ಚುಕಡಿಮೆ ಮಾಡುತ್ತಲೇ ಆ ಪೈಲಟ್‌ಗಳು ರನ್‌ವೇವರೆಗೆ ತಂದರು, 184 ಜೀವ ಉಳಿದವು.

ಹಳೇ ಕಥೆ ಅನ್ನಬೇಡಿ. 2018ರ ಮಾರ್ಚ್‌ನಲ್ಲಿ ನಮ್ಮ ಡಿಜಿಸಿಎ ಇಂಡಿಗೊದ 8, ಗೋಏರ್‌ನ 3 ವಿಮಾನಗಳನ್ನು ನೆಲಕ್ಕಿಳಿಸಿತು. ಅವುಗಳ ಪ್ರ್ಯಾಟ್ ಅಂಡ್ ವಿಟ್ನಿ ಮಾದರಿಯ ಎಂಜಿನ್‌ಗಳು ಆಕಾಶದಲ್ಲಿ ಕೈಕೊಡುತ್ತಿದ್ದವು. 2023ರಲ್ಲಿ ಅದೇ ಸರಣಿಯ ಎಂಜಿನ್ನಿನ ಚಕ್ರಗಳಿಗೆ ಬಳಸಿದ ಲೋಹದ ಪುಡಿಯಲ್ಲೇ ಕಲಬೆರಕೆ ಸೇರಿತ್ತೆಂದು ಕಂಪನಿ ಒಪ್ಪಿಕೊಂಡಿತು.

ಗಾಳಿಯ ಕಡೆಯಿಂದ ಬರುವ ದೊಡ್ಡ ಕಂಟಕ ಹಕ್ಕಿ. ಏರೋ ಇಂಡಿಯಾ ಬಂತೆಂದರೆ ಯಲಹಂಕದ ಸುತ್ತ ಮಾಂಸದಂಗಡಿ ಬಂದ್. 2023ರಲ್ಲಿ 10 ಕಿ.ಮೀ., 2025ರಲ್ಲಿ 13 ಕಿ.ಮೀ. ಸರಿ, ಹದ್ದು ಎಂಜಿನ್‌ಗೆ ಹೋದರೆ ಅಪಾಯ ನಿಜ. ಆದರೆ ವಿಮಾನ ನಿಲ್ದಾಣದ 10 ಕಿ.ಮೀ. ಒಳಗೆ ಹಕ್ಕಿ ಸೇರುವ ಹಾಗೆ ಕಸ ಸುರಿಯಬಾರದು ಎಂಬ ನಿಯಮ ವರ್ಷವಿಡೀ ಇದೆ. ಕಲಬುರಗಿ, ಬೀದರ್, ಶಿವಮೊಗ್ಗ ನಿಲ್ದಾಣಗಳ ಸುತ್ತಲಿನ ಓದುಗರೇ, ನಿಮ್ಮೂರ ಕಸ ಎಲ್ಲಿಗೆ ಹೋಗುತ್ತಿದೆ, ಒಮ್ಮೆ ಪಂಚಾಯ್ತಿಯಲ್ಲಿ ಕೇಳಿ.

ಪೈಲಟ್‌ಗಳು ತಪ್ಪೇ ಮಾಡುವುದಿಲ್ಲ ಎಂದು ನಾವು ಹೇಳುತ್ತಿಲ್ಲ. 2015ರ ಫೆಬ್ರುವರಿ 4ರಂದು ತೈವಾನಿನ ತೈಪೆಯಲ್ಲಿ ಒಂದು ಎಂಜಿನ್ ಕೈಕೊಟ್ಟಾಗ ಕ್ಯಾಪ್ಟನ್ ಚೆನ್ನಾಗಿದ್ದ ಇನ್ನೊಂದನ್ನು ಬಂದ್ ಮಾಡಿದರು. 43 ಜನ ಸತ್ತರು. ಅದು ಅವರದೇ ತಪ್ಪು. ಆದರೆ ಟೇಕಾಫ್ ವೇಳೆ ಎಂಜಿನ್ ಕೆಟ್ಟರೆ ನಿಭಾಯಿಸುವುದರಲ್ಲಿ ಅವರಿಗೆ ಕಷ್ಟವಿದೆ ಎಂಬುದು ಬಡ್ತಿಯ ಪರೀಕ್ಷೆಗಳಲ್ಲೇ ಕಂಡಿತ್ತು. ಅಂಥವರನ್ನು ಪಾಸು ಮಾಡಿ ಕ್ಯಾಪ್ಟನ್ ಸೀಟಿನಲ್ಲಿ ಕೂರಿಸಿದ್ದು ಯಾರು?

ನಮ್ಮ ನೆಲದ್ದೇ ಒಂದಿದೆ. 2009ರ ಮಾರ್ಚ್ 6ರಂದು ಬೆಂಗಳೂರಿನ ಎನ್‌ಎಎಲ್ ತಯಾರಿಸಿದ ‘ಸಾರಸ್’ ವಿಮಾನ ಪರೀಕ್ಷಾ ಹಾರಾಟದಲ್ಲಿ ಬಿಡದಿ ಹತ್ತಿರ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಸತ್ತರು. ಒಂದು ಎಂಜಿನ್ ಬೇಕೆಂದೇ ನಿಲ್ಲಿಸಿ ಆಕಾಶದಲ್ಲೇ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಎತ್ತರ ಸಾಲದಾಯಿತು ಎಂಬುದು ತನಿಖೆಯಲ್ಲಿ ಬಂತು. ಅದರ ಜೊತೆಗೇ ಬಂದದ್ದು ಇನ್ನೊಂದು: ಸಿಬ್ಬಂದಿ ಅನುಸರಿಸಿದ ಎಂಜಿನ್ ಹೊತ್ತಿಸುವ ಕ್ರಮವೇ ತಪ್ಪು, ಮತ್ತು ಆ ಕ್ರಮ ರೂಪಿಸಿದ್ದು ವಿಮಾನದ ವಿನ್ಯಾಸಕಾರರು.

ಅಪಘಾತದ ತನಿಖೆ ಇರುವುದು ಮುಂದೆ ಹೀಗಾಗದಂತೆ ತಡೆಯಲಿಕ್ಕೆ, ಯಾರನ್ನೋ ಗಲ್ಲಿಗೇರಿಸಲು ಅಲ್ಲ ಎಂಬುದು ಭಾರತವೂ ಒಪ್ಪಿದ ಅಂತರರಾಷ್ಟ್ರೀಯ ನಿಯಮ. ಹಾಗಿದ್ದರೆ ತನಿಖೆ ನಡೆಸುವವರು ಅರ್ಧ ಸಾಲು ಹೊರಬಿಟ್ಟು ಉಳಿದದ್ದನ್ನು ಊಹೆಗೆ ಬಿಡಬಾರದು. ಕಾಕ್‌ಪಿಟ್ ಮಾತು ಹೊರಗಿಡುವುದಾದರೆ ಅಂತಿಮ ವರದಿಯ ತನಕ ಪೂರ್ತಿ ಹೊರಗಿಡಲಿ. ಅಂತಿಮ ವರದಿ ಬಂದ ದಿನ ಅದರ ಸಾರಾಂಶವನ್ನು ಹಿಂದಿ, ಗುಜರಾತಿ, ಕನ್ನಡದಲ್ಲೂ ಕೊಡಲಿ, ನಾಲ್ಕು ಪುಟವಾದರೂ ಸಾಕು. ಟಿಕೆಟ್ಟಿನ ದುಡ್ಡು ಕೊಟ್ಟವರೂ ಮನೆಯವರನ್ನು ಕಳೆದುಕೊಂಡವರೂ ಇಂಗ್ಲಿಷ್ ಪಿಡಿಎಫ್ ಹಿಡಿದುಕೊಂಡು ಅರ್ಥ ಹೇಳುವವರನ್ನು ಹುಡುಕಿಕೊಂಡು ಅಲೆಯಬೇಕೇ?