ಸೊಸೆ ಯಾವ ಸಾಲಿನಲ್ಲಿ ನಿಲ್ಲಬೇಕಿತ್ತು?

"ಕೊರೊನಾ ಕಾಲದಲ್ಲಿ ಅಮೆರಿಕದವರ ಅಪ್ಪ-ಅಮ್ಮ ನರ್ಸಿಂಗ್ ಹೋಮ್‌ನಲ್ಲಿ ಸತ್ತರು, ನಮ್ಮವರು ಮನೆಯಲ್ಲಿ ಉಳಿದರು. ನಮ್ಮ ಸಂಸ್ಕೃತಿ ಅಂದರೆ ಇದು ಕಣ್ರೀ." ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ಮನೆಯೊಂದರಲ್ಲಿ ಊಟಕ್ಕೆ ಕೂತಾಗ ಗೆಳೆಯರೊಬ್ಬರು ಹೇಳಿದ ಮಾತು. ಎಲ್ಲರೂ ತಲೆದೂಗಿದರು. ನನಗೆ ಮಜ್ಜಿಗೆಹುಳಿ ಗಂಟಲಲ್ಲೇ ನಿಂತಿತು.

ಮಾತಿನ ಮೊದಲರ್ಧ ಸುಳ್ಳಲ್ಲ. ಅಮೆರಿಕದ ಮೊದಲ ವರ್ಷದ ಕೋವಿಡ್ ಸಾವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಅಂಥ ಜಾಗಗಳ ಲೆಕ್ಕಕ್ಕೆ ಸೇರುತ್ತದೆ. ಮನೆ ಕಾಪಾಡಿತು, ಒಪ್ಪೋಣ. ಆದರೆ ಸಂಸ್ಕೃತಿ ಎದ್ದು ಬಂದು ಯಾರ ಡಯಾಪರನ್ನೂ ಬದಲಿಸುವುದಿಲ್ಲ. ಬದಲಿಸುವವರಿಗೆ ಎರಡು ಕೈ, ಒಂದು ನೋಯುವ ಸೊಂಟ ಇರುತ್ತದೆ. ಬಹುಪಾಲು ಮನೆಗಳಲ್ಲಿ ಆ ಸೊಂಟ ಸೊಸೆಯದು, ಇಲ್ಲವೇ ಮಗಳದು. ಅದಕ್ಕೆ 'ಸೇವೆ' ಎಂದು ಹೆಸರಿಟ್ಟು ನಾವು ಕೈತೊಳೆದುಕೊಂಡಿದ್ದೇವೆ. ಅದು ಕೆಲಸ. ಕೆಲಸವೆಂದೇ ಲೆಕ್ಕಕ್ಕೆ ಬರಬೇಕು.

2020ರ ಮಾರ್ಚ್ 16ರಂದು, ಫಾಸ್ಟರ್ ಸಿಟಿ ಇರುವ ಸ್ಯಾನ್ ಮಟೇಯೊ ಸೇರಿದಂತೆ ಬೇ ಏರಿಯಾದ ಆರು ಕೌಂಟಿಗಳು ಮನೆಯಲ್ಲೇ ಇರಿ ಎಂದು ಆಜ್ಞೆ ಹೊರಡಿಸಿದವು. ಬೇರೆ ಮನೆಯಲ್ಲಿರುವ ಕುಟುಂಬದವರನ್ನೋ ಸಾಕುಪ್ರಾಣಿಯನ್ನೋ ನೋಡಿಕೊಳ್ಳಲು ಹೊರಗೆ ಹೋಗಬಹುದು ಎಂಬ ವಿನಾಯಿತಿ ಅದರಲ್ಲಿತ್ತು. ಅಪ್ಪನೂ ನಾಯಿಯೂ ಒಂದೇ ಸಾಲಿನಲ್ಲಿ! ನಕ್ಕೆ. ಆಮೇಲೆ ಅನಿಸಿತು: ಆರೈಕೆ ಅವಶ್ಯಕ ಎಂದು ಬರೆದಾದರೂ ಇಟ್ಟರಲ್ಲ. ಲಸಿಕೆ ಬಂದಾಗ ಅದೂ ಮರೆತುಹೋಯಿತು. ಸರ್ಕಾರದ ಯೋಜನೆಯಡಿ ಸಂಬಳ ಪಡೆದು ಮನೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವವರನ್ನು ಕ್ಯಾಲಿಫೋರ್ನಿಯಾ ಆರೋಗ್ಯ ಕಾರ್ಯಕರ್ತರೊಂದಿಗೆ ಮೊದಲ ಹಂತಕ್ಕೇ ಸೇರಿಸಿತು. ಸಂಬಳವಿಲ್ಲದೆ ಅದನ್ನೇ ಮಾಡುತ್ತಿದ್ದ, ಬೇರೆ ಕಾಯಿಲೆಯಿಲ್ಲದ ನಲವತ್ತರ ಸೊಸೆ ಸಾಮಾನ್ಯವಾಗಿ 2021ರ ಏಪ್ರಿಲ್ 15ರವರೆಗೆ ಕಾಯಬೇಕಾಯಿತು. ಕರ್ನಾಟಕದಲ್ಲೂ ಇದೇ ಕಥೆ: 60 ದಾಟಿದವರಿಗೆ ಮಾರ್ಚ್ 1, 45 ದಾಟಿದವರಿಗೆ ಏಪ್ರಿಲ್ 1, ಅವರ ಬಾಯಿಗೆ ಗಂಜಿ ಇಡುವವಳಿಗೆ ಮೇ. ಅಷ್ಟರಲ್ಲಿ ಎರಡನೇ ಅಲೆ ನಡುಮನೆಗೆ ಬಂದಾಗಿತ್ತು.

ರಜೆಯ ಕಥೆಯೂ ಅಷ್ಟೇ. ಕುಟುಂಬದವರ ಆರೈಕೆಗೆ ಸಂಬಳದ ಒಂದಂಶ ಕೊಡುವ ರಜೆಯನ್ನು ಕ್ಯಾಲಿಫೋರ್ನಿಯಾ 2020ರ ಜುಲೈನಲ್ಲಿ ಆರು ವಾರದಿಂದ ಎಂಟಕ್ಕೇರಿಸಿತು. ಒಳ್ಳೆಯದೇ. ಆದರೆ ಆ ದುಡ್ಡು ಸಂಬಳದಲ್ಲಿ ಕಡಿತವಾದವರಿಗೆ. ಗಂಡನ ಕೆಲಸದ ವೀಸಾಕ್ಕೆ ಅಂಟಿದ ಎಚ್-4 ವೀಸಾದಲ್ಲಿ ಬಂದು, ಕೆಲಸದ ಪರವಾನಗಿಯಿಲ್ಲದೆ ಕೂತ ಹೆಂಡತಿಗೆ ಸಂಬಳವೂ ಇಲ್ಲ, ಕಡಿತವೂ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ. ಆರು ತಿಂಗಳಿಗೆಂದು ಬಂದ ಅತ್ತೆ ವಿಮಾನ ನಿಂತು ಇಲ್ಲೇ ಉಳಿದರೆ, ಅವರ ಬಿ.ಪಿ. ಮಾತ್ರೆಯಿಂದ ಹಿಡಿದು ವೀಸಾ ವಿಸ್ತರಣೆಯ ಅರ್ಜಿಯವರೆಗೆ ಎಲ್ಲವೂ ಅವಳ ತಲೆಗೇ.

ಹಿಂದಿನವರು ಗೊಣಗದೆ ಮಾಡುತ್ತಿದ್ದರು ಎನ್ನುವವರು ಆ ಹಿಂದಿನವರನ್ನು ಕೇಳಿದವರಲ್ಲ. ಆದರೆ ಇನ್ನೊಂದು ಮಾತಿಗೆ ನಾನು ತಲೆಬಾಗುತ್ತೇನೆ: ದುಡ್ಡು ನಡುವೆ ಬಂದರೆ ಅಮ್ಮನ ಹಾಸಿಗೆಯ ಬಳಿ ಗಂಟೆಗಳ ಲೆಕ್ಕ ಶುರುವಾಗುತ್ತದೆ, ಅಕ್ಕರೆ ಬತ್ತುತ್ತದೆ. ಈ ಭಯ ಹುಸಿಯಲ್ಲ. ಆದರೆ ಲೆಕ್ಕ ಈಗಲೂ ಇದೆ. ಡಾಲರ್ ಕಳಿಸುವ ಅಣ್ಣ, ಮೈಸೂರಿನಲ್ಲಿ ರಾತ್ರಿಯೆಲ್ಲ ಎದ್ದು ಕೂರುವ ತಂಗಿ: ಇಬ್ಬರ ವಾಟ್ಸ್ಯಾಪ್ ಮೌನದಲ್ಲಿ ಇರುವುದು ಲೆಕ್ಕವೇ, ಅಣ್ಣನ ಪಾಲಿಗಷ್ಟೇ ರಸೀದಿಯಿದೆ. ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ ಮೆಡಿ-ಕ್ಯಾಲ್ ಇರುವ ವೃದ್ಧರನ್ನು ನೋಡಿಕೊಳ್ಳಲು ಕ್ಯಾಲಿಫೋರ್ನಿಯಾ ಅವರ ಮಕ್ಕಳಿಗೇ ಸಂಬಳ ಕೊಡುತ್ತದೆ. ಅದರಿಂದ ಅಲ್ಲಿನ ತಾಯಂದಿರು ಅನಾಥರಾದದ್ದನ್ನು ನಾನಂತೂ ಕಂಡಿಲ್ಲ.

ಎಲ್ಲರಿಗೂ ಸಂಬಳ ನಾಳೆಯೇ ಬರಲಾರದು, ಸರಿ. ಮುಂದಿನ ಪಿಡುಗಿಗೆ ಪಟ್ಟಿ ಬರೆಯುವವರು ಅರವತ್ತು ದಾಟಿದವರ ಹೆಸರಿನ ಪಕ್ಕದಲ್ಲಿ, ಅವರಿಗೆ ಸ್ನಾನ ಮಾಡಿಸುವವರ ಹೆಸರನ್ನೂ ಬರೆದುಕೊಳ್ಳಲಿ. ಇಬ್ಬರಿಗೂ ಸೂಜಿ ಒಂದೇ ದಿನ ಬೀಳಲಿ.